ವಕೀಲರ ಪುಸ್ತಕದ ಕೋಣೆ

ಗೃಹಸ್ಥರ ಮನೆಗಳಲ್ಲಿ ಒಂದು ಪಂಚಾಂಗ, ರಾಮಾಯಣ ಭಾರತಗಳ ಒಂದೊಂದು ಪ್ರತಿ, ಮಕ್ಕಳ ಪಾಠದ ಪುಸ್ತಕಗಳು, ಮನೆಮದ್ದಿನ ಒಂದು ಕಿರುಹೊತ್ತಗೆ, ಇಷ್ಟು ಇರುವುದು ವಾಡಿಕೆ. ಕಾನೂನಿನ ಗ್ರಂಥವನ್ನು ಮನೆಯಲ್ಲಿಟ್ಟುಕೊಂಡ ಗೃಹಸ್ಥರನ್ನು ನಾನು ಕಂಡುದಿಲ್ಲ. ಹಾಗೆ ಇಟ್ಟುಕೊಳ್ಳುವುದೇ ಅಪಶಕುನವೆಂದು ತಿಳಿದವರೂ ಉಂಟು. ಆದರೆ ಆ ಗ್ರಂಥಗಳನ್ನು ತೆರೆದು ನೋಡಿದರೆ ಅವುಗಳಲ್ಲಿರುವುದು ಬಹುಮಟ್ಟಿಗೆ ಮನೆಯ ಮಾತೇ. ತಂದೆ ತೀರಿದ ಮೇಲೆ ಗದ್ದೆ ಯಾರದು, ತಾಯಿಯ ಒಡವೆ ಯಾರಿಗೆ ಸೇರತಕ್ಕದ್ದು, ಅಣ್ಣನು ಮಾಡಿದ ಸಾಲವನ್ನು ತಮ್ಮನು ತೀರಿಸಬೇಕೇ, ದತ್ತು ಹೋದ ಹುಡುಗನಿಗೆ ಹೆತ್ತ ಮನೆಯಲ್ಲಿ ಹಕ್ಕುಂಟೇ, ಬೇಲಿಯು ಯಾರ ಕಡೆಗೆ ಸರಿದಿದೆ, ಇವೇ ಅಲ್ಲಿನ ಪ್ರಶ್ನೆಗಳು. ನಮ್ಮ ಹಿರಿಯರು ಇಂಥ ಸಂಗತಿಗಳಿಗೆ ವ್ಯವಹಾರವೆಂದು ಹೆಸರಿಟ್ಟಿದ್ದರು; ನ್ಯಾಯವೆಂದರೆ ಅವರಿಗೆ ತರ್ಕಶಾಸ್ತ್ರ. ಈಗ ವ್ಯವಹಾರವೆಂದರೆ ವ್ಯಾಪಾರವಾಗಿದೆ, ನ್ಯಾಯವೆಂದರೆ ಕೋರ್ಟಾಗಿದೆ, ತರ್ಕವು ಎರಡು ಕಡೆಗೂ ಸಲ್ಲದೆ ಪಾಠಶಾಲೆಯ ಮೂಲೆಯಲ್ಲಿ ಉಳಿದಿದೆ. ಸಂಸ್ಕೃತದ ಮೇಷ್ಟರಿಗೆ ಇಂಥ ಮಾತು ಬಂದರೆ ನಿಲ್ಲಿಸುವುದು ಕಷ್ಟ; ವಾಚಕರು ಸೈರಿಸಿಕೊಳ್ಳಬೇಕು.

ನಾನು ಮೂವತ್ತು ವರುಷಗಳಿಗೂ ಮೇಲ್ಪಟ್ಟು ಶಿಕಾರಿಪುರ, ಸೊರಬ ಎಂಬ ಈ ಎರಡು ತಾಲೂಕುಗಳ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದವನು. ನ್ಯಾಯಾಸ್ಥಾನದ ಮೆಟ್ಟಿಲನ್ನು ಕಕ್ಷಿಗಾರನಾಗಿ ನಾನು ಹತ್ತಿದುದಿಲ್ಲ. ಪುಸ್ತಕಗಳ ದೆಸೆಯಿಂದ ಮಾತ್ರ ಕಳೆದ ಕೆಲವು ತಿಂಗಳು ಅಲ್ಲಿಗೆ ಹೋಗಿಬರುವಂತಾಯಿತು. ಈ ಎರಡು ಊರುಗಳಲ್ಲಿ ಒಂದರ ವಕೀಲರ ಸಂಘದವರು ತಮ್ಮ ಪುಸ್ತಕದ ಕೋಣೆಯನ್ನು ಹಸನುಮಾಡಲು ಹೊರಟಿದ್ದರು. ಅಲ್ಲಿ ಸಂಸ್ಕೃತದ ಗ್ರಂಥಗಳೂ ಹಳೆಯ ಕನ್ನಡದ ಕಾಗದಪತ್ರಗಳೂ ಕೆಲವು ಇದ್ದುದರಿಂದ, ಯಾವುದು ಇರಬೇಕು ಯಾವುದು ಹೋಗಬೇಕು ಎಂಬುದನ್ನು ತಿಳಿದು ಹೇಳುವವರೊಬ್ಬರು ಬೇಕಾದರು. ಆ ಸಂಘದಲ್ಲಿ ಈಗ ವಕೀಲಿಮಾಡುತ್ತಿರುವ ಹುಡುಗಿಯೊಬ್ಬಳು ಒಂದು ಕಾಲದಲ್ಲಿ ನನ್ನ ಶಿಷ್ಯೆ. ಅವಳು ಮನೆಗೆ ಬಂದು, “ಮೇಷ್ಟ್ರೇ, ಮನೇಲಿ ಸುಮ್ನೆ ಕೂತಿರ್ತೀರಿ, ನಮ್ಮ ಲೈಬ್ರರಿಗೆ ಬನ್ನಿ” ಎಂದಳು. ಸುಮ್ಮನೆ ಕೂತಿದ್ದುದು ನಿಜವಾದ್ದರಿಂದ ಹೊರಟೆನು. ಯಾವ ಊರೆಂದು ಹೇಳುವುದು ಬೇಡ. ಎರಡು ಊರುಗಳ ವಕೀಲರೂ ನನಗೆ ಬೇಕಾದವರೇ.

ಕೋಣೆಯನ್ನು ಕುರಿತು ಹೇಳುವ ಮೊದಲು ನಮ್ಮ ಸೀಮೆಯ ಹಳೆಯ ಸಂಗತಿಯೊಂದನ್ನು ಅರಿಕೆಮಾಡುತ್ತೇನೆ. ಧರ್ಮಶಾಸ್ತ್ರದ ಗ್ರಂಥಗಳನ್ನು ಇಟ್ಟುಕೊಂಡು ಓದಿಸುವ ಸ್ಥಾನವು ಶಿಕಾರಿಪುರ ತಾಲೂಕಿಗೆ ಇಂಗ್ಲಿಷರ ಕಾಲದಲ್ಲಿ ಬಂದುದಲ್ಲ. ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಯು ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿದ್ದ ಕಾಲದಲ್ಲಿ, ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠವೆಂಬ ಕಾಳಾಮುಖ ಶೈವರ ಮಠವಿದ್ದಿತು. ಕಲಚುರಿ ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ಅಲ್ಲಿ ಪಾಣಿನಿ ಶಾಕಟಾಯನ ಮೊದಲಾದವರ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯ ಬೌದ್ಧ ಮೊದಲಾದ ದರ್ಶನಗಳು, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು, ಇವುಗಳೊಡನೆ ಧರ್ಮಶಾಸ್ತ್ರಗಳಿಗೂ ವ್ಯಾಖ್ಯಾನ ನಡೆಯುತ್ತಿದ್ದಿತೆಂದು ಬರೆದಿದೆ. ಅದೇ ಶಾಸನವು ಅಲ್ಲಿ ಕುಂಟರು ಕುರುಡರು ದಿಕ್ಕಿಲ್ಲದವರು ಇವರಿಗೆ ಅನ್ನವೂ, ರೋಗಿಗಳಿಗೆ ಔಷಧವೂ, ಹೆದರಿ ಬಂದ ಪ್ರಾಣಿಗಳಿಗೆಲ್ಲ ಅಭಯವೂ ದೊರೆಯುತ್ತಿದ್ದಿತೆಂದು ಹೇಳುತ್ತದೆ. ಗ್ರಂಥಗಳ ಮಾತನ್ನೂ ಅನ್ನದ ಮಾತನ್ನೂ ಒಂದೇ ಉಸುರಿನಲ್ಲಿ ಹೇಳಿರುವುದು ನನಗೆ ಬಹಳ ಮೆಚ್ಚಿಗೆ. ಕೋರ್ಟಿಗೆ ಬರುವವರಲ್ಲಿ ಅಕ್ಷರ ಬೇಕಾಗಿ ಬರುವವರಿಗಿಂತ ಅಭಯ ಬೇಕಾಗಿ ಬರುವವರೇ ಹೆಚ್ಚೆಂಬುದನ್ನು ಇತ್ತೀಚೆಗೆ ಕಣ್ಣಾರೆ ಕಂಡಿದ್ದೇನೆ.

ಇದಕ್ಕಿಂತ ನೂರು ವರುಷಗಳ ಹಿಂದಿನದು ಕಲಬುರಗಿಯ ಕಡೆಯ ನಾಗಾವಿಯ ಶಾಸನ, 1058ನೆಯ ಇಸವಿಯದು. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದವನ್ನೋದುವ ಇನ್ನೂರು ಮಂದಿ, ಶಾಸ್ತ್ರವನ್ನೋದುವ ಐವತ್ತೆರಡು ಮಂದಿ, ಅವರಿಗೆ ಉಪಾಧ್ಯಾಯರು, ಇವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು ಇದ್ದರಂತೆ. ಸರಸ್ವತೀ ಭಂಡಾರಿಗರೆಂದರೆ ಪುಸ್ತಕಗಳನ್ನು ಕಾಯುವವರು. 252 ವಿದ್ಯಾರ್ಥಿಗಳಿಗೆ ಆರು ಮಂದಿ! ನಾನು ಕೆಲಸಮಾಡಿದ ಶಾಲೆಗಳಲ್ಲಿ ಪುಸ್ತಕದ ಕಪಾಟಿನ ಬೀಗದ ಕೈ ಡ್ರಿಲ್ ಮೇಷ್ಟರ ಬಳಿಯಲ್ಲಿರುತ್ತಿತ್ತು. ವಕೀಲರ ಕೋಣೆಯಲ್ಲಿ ಅದು ಜವಾನನ ಬಳಿ ಇದೆ. ಅವನು ಓದು ಬಲ್ಲವನಲ್ಲದಿದ್ದರೂ ಯಾವ ಸಂಪುಟ ಯಾವ ಕಪಾಟಿನ ಎಷ್ಟನೆಯ ಹಲಗೆಯಲ್ಲಿದೆ ಎಂಬುದನ್ನು ಬೆನ್ನಿನ ಬಣ್ಣದಿಂದ ಗುರುತಿಸಿ ತರುತ್ತಾನೆ. ನಾಗಾವಿಯವರು ಕಂಡಿದ್ದರೆ ಅವನನ್ನು ಏಳನೆಯವನನ್ನಾಗಿ ಸೇರಿಸಿಕೊಳ್ಳುತ್ತಿದ್ದರು.

ಇನ್ನೊಂದು ಬಗೆಯಿಂದ ನೋಡಿದರೆ ಈ ಎರಡು ತಾಲೂಕುಗಳ ಹೊಲಗದ್ದೆಗಳೇ ಒಂದು ದಸ್ತಾವೇಜಿನ ಭಾಂಡಾರ. ಲೂಯಿ ರೈಸರು 1902ರಲ್ಲಿ ಅಚ್ಚುಹಾಕಿಸಿದ ಶಾಸನ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನವೂ, 1904ರ ಸಂಪುಟದಲ್ಲಿ ಸೊರಬ ತಾಲೂಕಿನವೂ ಸೇರಿವೆ. ತಾಳಗುಂದದ ಕಂಬವನ್ನು ಎಲ್ಲರೂ ಬಲ್ಲರು. ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದನೆಂಬ ಕಥೆ ಅದರಲ್ಲಿದೆ. ಕಥೆಯನ್ನು ಮಕ್ಕಳಿಗೆ ಹೇಳಿದಾಗಲೆಲ್ಲ, ಆ ಜಗಳವು ಕೋರ್ಟಿಗೆ ಹೋಗಿದ್ದರೆ ಕದಂಬರಾಜ್ಯ ಹುಟ್ಟುತ್ತಿರಲಿಲ್ಲವೆಂದು ನಾನು ನಗೆಯಾಡುವುದಿತ್ತು. ಆದರೆ ಹೆಚ್ಚಿನ ಶಾಸನಗಳಲ್ಲಿ ಇಂಥ ಕಥೆಯಿಲ್ಲ. ಇಂಥವನು ಇಂಥವರಿಗೆ ಇಷ್ಟು ಮತ್ತರು ಗದ್ದೆಯನ್ನು ಕೊಟ್ಟನು, ಮೂಡಲು ಹಳ್ಳ, ತೆಂಕಲು ಹುಣಿಸೆಯ ಮರ, ಇದಕ್ಕೆ ಇಂಥವರು ಸಾಕ್ಷಿ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬಂಥ ಮಾತುಗಳೇ ಹೆಚ್ಚು. ಇಂದಿನ ಕ್ರಯಪತ್ರಗಳಲ್ಲಿ ಚೆಕ್ಕುಬಂದಿಯೂ ಸಾಕ್ಷಿಗಳೂ ಹಾಗೆಯೇ ಉಳಿದಿವೆ. ಕವಿಲೆಯ ಸ್ಥಾನದಲ್ಲಿ ಛಾಪಾ ಕಾಗದ ಬಂದಿದೆ.

ಇನ್ನು ಕೋಣೆಯ ವಿಚಾರ. ಮಂಗಳೂರು ಹೆಂಚಿನ ಮಾಡು, ಎತ್ತರವಾದ ಎರಡು ಕಿಟಕಿ, ನಡುವೆ ಉದ್ದನೆಯ ಒಂದು ಮೇಜು, ಗೋಡೆಗೆ ಒತ್ತಿ ನಿಂತ ಕಪಾಟುಗಳು. ಒಂದು ಕಪಾಟಿನ ಮೇಲೆ ಗುಡಿಗಾರರು ಕೆತ್ತಿದ ಗಂಧದ ಸಣ್ಣ ಗಣಪತಿ. ಕಪಾಟುಗಳಲ್ಲಿ ಸರ್ಕಾರದ ಇಂಡಿಯನ್ ಲಾ ರಿಪೋರ್ಟುಗಳು, ಮದರಾಸಿನ ಲಾ ಜರ್ನಲ್, ನಾಗಪುರದ ಆಲ್ ಇಂಡಿಯಾ ರಿಪೋರ್ಟರು, ಮೈಸೂರು ಚೀಫ್ ಕೋರ್ಟಿನ ವರದಿಗಳು, ಮೈಸೂರು ಲಾ ಜರ್ನಲ್ ಸಾಲುಗಟ್ಟಿ ನಿಂತಿದ್ದವು. ಮೈಸೂರು ಸಂಸ್ಥಾನದ ಚೀಫ್ ಕೋರ್ಟು ಸ್ಥಾಪಿತವಾದುದು 1884ರಲ್ಲಿ. ಅದಕ್ಕೆ ಹೈಕೋರ್ಟೆಂಬ ಹೆಸರು ಬಂದುದು 1930ರಲ್ಲಿ. ಆಗಿನ ಪ್ಲೀಡರುಗಳು ತಮ್ಮ ಸಂಪಾದನೆಯಲ್ಲಿ ಕೂಡಿಟ್ಟು ತರಿಸಿದ ಪುಸ್ತಕಗಳು, ಅವರು ತೀರಿದ ಮೇಲೆ ಮಕ್ಕಳು ತಂದೊಪ್ಪಿಸಿದ ಪುಸ್ತಕಗಳು, ಹೀಗೆ ಕಪಾಟುಗಳು ತುಂಬಿದುವಂತೆ. ಆದುದರಿಂದ ಇಲ್ಲಿ ಒಂದೊಂದು ಸಾಲೂ ಒಬ್ಬೊಬ್ಬರ ಮನೆ. ಅಂಚುಗಳಲ್ಲಿ ಅವರವರ ಬರಹ. ಒಬ್ಬರು ಕೆಂಪು ಮಸಿಯಲ್ಲಿ ‘ನಮಗೆ ಅನುಕೂಲ’ ಎಂದು ಬರೆದ ಪುಟದಲ್ಲಿಯೇ ಇನ್ನೊಬ್ಬರು ಸೀಸದ ಕಡ್ಡಿಯಲ್ಲಿ ‘ಅಲ್ಲ’ ಎಂದು ಬರೆದಿದ್ದಾರೆ. ಇಬ್ಬರೂ ತೀರಿಕೊಂಡು ಎಷ್ಟೋ ಕಾಲವಾಗಿದೆ, ವಾದ ಮುಗಿದಿಲ್ಲ.

ಈ ವರದಿಗಳಲ್ಲಿ ಊರಿನ ಜೀವ ಸಿಕ್ಕುವುದಿಲ್ಲ. ಶಿಕಾರಿಪುರ ತಾಲೂಕಿನ ಈಸೂರಿನವರು 1942ರಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದುದು, ಆ ಸೆಪ್ಟೆಂಬರಿನ ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಹತರಾದುದು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿಯಲ್ಲಿ ಗಲ್ಲಿಗೇರಿಸಿದುದು ಇವೆಲ್ಲ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆದರೆ ಕಾನೂನಿನ ಪುಸ್ತಕವು ಅಪರಾಧವನ್ನೂ ಸೆಕ್ಷನ್ನನ್ನೂ ಬರೆದಿಟ್ಟೀತೇ ಹೊರತು, ಊರೊಂದು ಯಾಕೆ ಹಾಗೆ ಎದ್ದಿತೆಂಬುದನ್ನು ಬರೆಯಲಾರದು. ಅದಕ್ಕೆ ಬೇರೆ ಪುಸ್ತಕ ಬೇಕು.

ಬೆಳಿಗ್ಗೆ ಹತ್ತೂವರೆಗೆ ಕೋಣೆ ತುಂಬುತ್ತದೆ. ಕೋರ್ಟು ಕೂರುವ ಮುನ್ನ ಹಿರಿಯರು ಮೇಜಿನ ತಲೆಕಡೆಗೆ, ಕಿರಿಯರು ಬಾಗಿಲ ಕಡೆಗೆ. ಹೊಸದಾಗಿ ಸನದು ಪಡೆದವರಿಗೆ ಕುರ್ಚಿ ದೊರೆಯಲು ಕೆಲವು ವರುಷ ಬೇಕು. ಅಲ್ಲಿಯವರೆಗೆ ಕಿಟಕಿಯೇ ಅವರ ಪೀಠ. ಹೊರಗಿನ ಜಗಲಿಯಲ್ಲಿ ಕಕ್ಷಿಗಾರರು. ಸಂತೆಯ ದಿವಸವಾದರೆ ಶುಂಠಿಯ ಮೂಟೆ, ಅಡಕೆಯ ಚೀಲ, ಮೆಕ್ಕೆಜೋಳದ ಧಾರಣೆಯ ಮಾತು ಎಲ್ಲವೂ ಜಗಲಿಗೆ ಬರುತ್ತವೆ. ಒಳಗೆ ಪರಸ್ಪರ ವಿರೋಧವಾಗಿ ವಾದಿಸಿ ಬಂದ ಇಬ್ಬರು ವಕೀಲರು ಒಂದೇ ಪೊಟ್ಟಣದಿಂದ ಮಂಡಕ್ಕಿ ತಿನ್ನುವುದನ್ನು ಜಗಲಿಯಿಂದ ಕಂಡ ಮುದುಕನೊಬ್ಬನು, “ನಾವಿಬ್ರು ಅಣ್ತಮ್ಮ ಒಂದೇ ಬಾವಿ ನೀರು ಕುಡಿಯಾದು ಬಿಟ್ಟು ಆರು ವರ್ಷ ಆತು, ಇವ್ರು ನೋಡ್ರಿ” ಎಂದನು. ಅವನ ಮಾತಿನಲ್ಲಿ ಕಹಿ ಇರಲಿಲ್ಲ, ಆಶ್ಚರ್ಯವಿತ್ತು. ಆ ಮಂಡಕ್ಕಿಯು ದ್ರೋಹವಲ್ಲ, ಕಸುಬಿನ ಮರ್ಯಾದೆ ಎಂಬುದು ನನ್ನ ಅಭಿಪ್ರಾಯ. ಶಾಸ್ತ್ರಾರ್ಥ ಮಾಡುವ ಪಂಡಿತರೂ ಹಾಗೆಯೇ. ವಾಕ್ಯಾರ್ಥ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಊಟ.

ಈ ಜಗಲಿಯು ಬರಿದಾಗಿದ್ದ ಕಾಲವೊಂದಿತ್ತೆಂದು ಹಿರಿಯ ವಕೀಲರೊಬ್ಬರು ಹೇಳಿದರು. ಭೂಸುಧಾರಣೆಯ ಕಾನೂನಿಗೆ ತಿದ್ದುಪಡಿಯಾಗಿ 1974ರ ಮಾರ್ಚಿ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಏಳನೆಯ ನಮೂನೆಯ ಅರ್ಜಿ ಕೊಟ್ಟು ಒಡೆತನ ಪಡೆಯುವಂತಾಯಿತಷ್ಟೆ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಸೀಮೆ ಇದು; ಆ ಕಾನೂನು ಇಲ್ಲಿ ಮುಟ್ಟದ ಮನೆಯಿಲ್ಲ. ಅದಕ್ಕಾಗಿ ಏರ್ಪಟ್ಟ ಭೂನ್ಯಾಯಮಂಡಲಿಗಳಲ್ಲಿ ವಕೀಲರಿಗೆ ಮೊದಮೊದಲು ಪ್ರವೇಶವಿರಲಿಲ್ಲ. ಆಗ ನಾನು ಹತ್ತು ಹನ್ನೆರಡು ವರುಷದ ಹುಡುಗ. ನಮ್ಮೂರಿನ ಶಾಲೆಯ ಜಗಲಿಯಲ್ಲಿ ಮೇಷ್ಟರೊಬ್ಬರು ಲಾಂದ್ರದ ಬೆಳಕಿನಲ್ಲಿ ಒಬ್ಬೊಬ್ಬರದಾಗಿ ಅರ್ಜಿ ತುಂಬುತ್ತಿದ್ದುದನ್ನೂ, ಸರ್ವೇ ನಂಬರು ತಿಳಿಯದವರು ಹೊಲದ ಗುರುತನ್ನು ಕೈಯಾಡಿಸಿ ಹೇಳುತ್ತಿದ್ದುದನ್ನೂ ಕಂಡಿದ್ದೇನೆ. ಅರ್ಜಿಯ ಕಡೆಯ ಅವಧಿ 1979ರ ಜೂನ್ 30. ಉಪಾಧ್ಯಾಯನ ಕೆಲಸವು ಪಾಠದೊಂದಿಗೆ ಮುಗಿಯುವುದಿಲ್ಲವೆಂಬುದು ಆಗಲೇ ನನ್ನ ಮನಸ್ಸಿಗೆ ಹತ್ತಿರಬೇಕು.

ಮಲೆನಾಡಿನ ಅಂಚಿನಲ್ಲಿ ಪುಸ್ತಕಗಳ ದೊಡ್ಡ ಶತ್ರು ಪ್ರತಿವಾದಿಯಲ್ಲ, ಆಷಾಢ ಶ್ರಾವಣಗಳು. ಮಳೆಗಾಲ ಕಳೆಯುವಷ್ಟರಲ್ಲಿ ಚರ್ಮದ ರಟ್ಟಿನ ಮೇಲೆ ಬಿಳಿಯ ಬೂಷ್ಟು ಹತ್ತುತ್ತದೆ. ಗೆದ್ದಲು ಗೋಡೆಯೊಳಗಿನಿಂದ ಬಂದು ಒಂದು ಸಂಪುಟದ ಮುಖಪುಟವನ್ನೂ ಬೆನ್ನನ್ನೂ ಬಿಟ್ಟು ಒಳಗಿನದನ್ನೆಲ್ಲ ತಿಂದಿರುತ್ತದೆ, ಕೈಯಿಟ್ಟಾಗಲೇ ತಿಳಿಯುವುದು. ಹಿಂದಿನವರು ಬೇವಿನ ಎಲೆ, ಬಜೆಯ ಬೇರು ಇವನ್ನು ಹಾಳೆಗಳ ನಡುವೆ ಇಡುತ್ತಿದ್ದರು. ಒಂದು ಸಂಪುಟದಲ್ಲಿ ನನಗೆ ಒಣಗಿದ ಸುರಗಿಯ ಹೂವೊಂದು ಸಿಕ್ಕಿತು. ಅದನ್ನು ಹುಳುವಿಗಾಗಿ ಇಟ್ಟರೋ ಮತ್ತೆ ಯಾತಕ್ಕಾಗಿ ಇಟ್ಟರೋ, ಅದಿದ್ದುದು ಜಪ್ತಿಯ ಪ್ರಕರಣವೊಂದರ ತೀರ್ಪಿನ ಪುಟದಲ್ಲಿ.

ಕೋಣೆಯನ್ನು ಹಸನುಮಾಡುವುದೆಂದರೆ ವಕೀಲರ ಮನಸ್ಸಿನಲ್ಲಿ ಹಳೆಯವನ್ನು ತೂಕಕ್ಕೆ ಹಾಕುವುದೆಂದೇ ಅರ್ಥವಾಗಿತ್ತು. ಅವರನ್ನು ದೂರುವಂತಿಲ್ಲ. ಸುಪ್ರೀಮ್ ಕೋರ್ಟು 2023ರ ಜನವರಿಯಲ್ಲಿ ತನ್ನ ತೀರ್ಪುಗಳ ವರದಿಗಳನ್ನು ಯಾರು ಬೇಕಾದರೂ ಹಣವಿಲ್ಲದೆ ನೋಡುವಂತೆ ಗಣಕಯಂತ್ರದ ಮೂಲಕ ತೆರೆದಿಟ್ಟಿತು. ಅವುಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ. ಅಂಗೈಯಲ್ಲಿರುವ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಬರುವುದನ್ನು ಬೂಷ್ಟು ಹಿಡಿದ ಸಂಪುಟದಲ್ಲಿ ಯಾರು ಹುಡುಕುವರು? ಅದರ ಮೇಲೆ 2024ರ ಜುಲೈ 1ರಿಂದ 1860ರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಮೊದಲಿನದರಲ್ಲಿ 511 ಪ್ರಕರಣಗಳು, ಈಗಿನದರಲ್ಲಿ 358. ಕೊಲೆಯ 302 ಈಗ 103 ಆಗಿದೆ. ಮೋಸಗಾರನನ್ನು ನಾಲ್ಕುನೂರ ಇಪ್ಪತ್ತು ಎಂದು ಬಯ್ಯುವ ನಮ್ಮ ಜನರ ಅಭ್ಯಾಸಕ್ಕೆ ಮಾತ್ರ ತಿದ್ದುಪಡಿ ಬರಲಾರದು. ಅವನ ಹೊಸ ಅಂಕಿ 318 ಎಂದು ಹೇಳಿದರೆ ಬಯ್ದಂತೆಯೇ ಆಗುವುದಿಲ್ಲ. ಇಷ್ಟು ಕಾಲ ನನ್ನನ್ನು ವ್ಯಾಕರಣ ಕೇಳದಿದ್ದ ವಕೀಲರು ಈಗ ‘ಸಾಕ್ಷ್ಯ ಅಧಿನಿಯಮ’ ಎಂಬುದನ್ನು ಸಂಧಿ ಮಾಡಿ ಹೇಳಬೇಕೋ ಬಿಡಿಸಿ ಹೇಳಬೇಕೋ ಎಂದು ಕೇಳತೊಡಗಿದರು.

ನನಗೆ ಒಪ್ಪಿಸಿದ ರಾಶಿಯಲ್ಲಿ ಯಾಜ್ಞವಲ್ಕ್ಯ ಸ್ಮೃತಿಯೂ ಅದರ ಮೇಲಿನ ಮಿತಾಕ್ಷರಾ ವ್ಯಾಖ್ಯಾನವೂ ಇದ್ದುವು. ಈ ಮಿತಾಕ್ಷರೆಯ ವಿಚಾರವನ್ನು ಕನ್ನಡಿಗರು ತಿಳಿದಿರತಕ್ಕದ್ದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳುತ್ತಿದ್ದಾಗ ಅಲ್ಲಿದ್ದ ವಿಜ್ಞಾನೇಶ್ವರನೆಂಬ ಪಂಡಿತನು ಇದನ್ನು ಬರೆದನು. ಬಂಗಾಳದ ಕಡೆಯಲ್ಲಿ ಜೀಮೂತವಾಹನನ ದಾಯಭಾಗಕ್ಕೆ ಪ್ರಾಧಾನ್ಯ. ಮಿಕ್ಕ ದೇಶದಲ್ಲೆಲ್ಲ ಹಿಂದೂ ಕುಟುಂಬದ ಆಸ್ತಿಗೆ ಈ ಮಿತಾಕ್ಷರೆಯೇ ಆಧಾರವಾಯಿತು. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸನು ಅದರ ದಾಯವಿಭಾಗವನ್ನು 1810ರಲ್ಲಿ ಕಲಕತ್ತೆಯಲ್ಲಿ ಇಂಗ್ಲಿಷಿಗೆ ತಂದನು. ಕನ್ನಡನಾಡಿನಲ್ಲಿ ಹುಟ್ಟಿದ ಗ್ರಂಥವು ಹೀಗೆ ಗಂಗಾತೀರವನ್ನು ಸುತ್ತಿ, ಪರಭಾಷೆಯ ವೇಷ ತೊಟ್ಟು, ಮರಳಿ ನಮ್ಮ ಕೋರ್ಟುಗಳಿಗೆ ಬಂದಿತು. ನಮ್ಮ ಪ್ಲೀಡರುಗಳು ಅಂಚಿನಲ್ಲಿ ಗೀಟೆಳೆದಿರುವುದೂ ಇಂಗ್ಲಿಷಿನ ಪ್ರತಿಗೇ. ಸಂಸ್ಕೃತದ ಪ್ರತಿಯಲ್ಲಿ ಬಹಳಷ್ಟು ಹಾಳೆಗಳು ಕತ್ತರಿಸಿಯೂ ಇರಲಿಲ್ಲ. ಅವನ್ನು ನಾನು ಅಡುಗೆಮನೆಯ ಚಾಕುವಿನಿಂದ ಬಿಡಿಸಿದೆನು.

ಆ ದಾಯವಿಭಾಗದಲ್ಲಿ ಹೆಣ್ಣುಮಕ್ಕಳ ವಿಷಯವಾದ ಒಂದು ವಿಚಾರವಿದೆ. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದಂಶವನ್ನು ಕೊಡಬೇಕೆಂದು ಯಾಜ್ಞವಲ್ಕ್ಯನ ವಿಧಿ. ಅದೆಂದರೆ ಮದುವೆಯ ವೆಚ್ಚಕ್ಕೆ ಸಾಲುವಷ್ಟು ಹಣವೆಂದೇ ಕೆಲವರು ಅರ್ಥಮಾಡಿದರು. ವಿಜ್ಞಾನೇಶ್ವರನು ಅದನ್ನು ಒಪ್ಪದೆ, ಕನ್ಯೆಯೂ ಅಂಶಕ್ಕೆ ಭಾಗಿಯೆಂದು ಸಾಧಿಸಿ, ಶಾಲೆಯ ಮೇಷ್ಟರಂತೆ ಲೆಕ್ಕವನ್ನೇ ಮಾಡಿ ತೋರಿಸುತ್ತಾನೆ. ಒಬ್ಬ ಮಗ ಒಬ್ಬಳು ಮಗಳಿದ್ದರೆ ಆಸ್ತಿಯನ್ನು ಎರಡು ಮಾಡಿ, ಅದರಲ್ಲೊಂದನ್ನು ನಾಲ್ಕು ಮಾಡಿ, ಒಂದು ಕಾಲನ್ನು ಹುಡುಗಿಗೆ ಕೊಟ್ಟು ಉಳಿದುದನ್ನು ಹುಡುಗನು ತೆಗೆದುಕೊಳ್ಳಬೇಕು. ಇಬ್ಬರು ಗಂಡು ಒಬ್ಬಳು ಹೆಣ್ಣಾದರೆ ಮೂರು ಮಾಡಿ, ಒಂದನ್ನು ನಾಲ್ಕು ಮಾಡಿ ಹಾಗೆಯೇ. ಎಂಟರಲ್ಲೊಂದು, ಹನ್ನೆರಡರಲ್ಲೊಂದು. ಅಲ್ಪವೇ ಸರಿ, ಆದರೆ ಭಿಕ್ಷೆಯಲ್ಲ, ಪಾಲು. ಈ ಭೇದವನ್ನು ಕಾಲಕ್ರಮದಲ್ಲಿ ಎಲ್ಲರೂ ಮರೆತು, ಮದುವೆ ಮಾಡಿಕೊಟ್ಟರೆ ತಂಗಿಯ ಲೆಕ್ಕ ಮುಗಿಯಿತೆಂಬುದೇ ರೂಢಿಯಾಯಿತು.

ನಾನು ಈ ಪುಟಗಳಲ್ಲಿದ್ದಾಗಲೇ ಒಂದು ಮಧ್ಯಾಹ್ನ ಆನವಟ್ಟಿಯ ಕಡೆಯ ಹಳ್ಳಿಯಿಂದ ಐವತ್ತು ದಾಟಿದ ಹೆಂಗಸೊಬ್ಬರು ನನ್ನ ಶಿಷ್ಯೆಯನ್ನು ಹುಡುಕಿಕೊಂಡು ಬಂದರು. ಅವರ ಬಳಿ ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿದ ಹಳೆಯ ಪಾಲುಪಟ್ಟಿಯ ಕಾಗದ, 1946ನೆಯ ಇಸವಿಯದು. ಬರವಣಿಗೆ ಹಳೆಯ ಮೋಡಿಯ ಕೂಡಕ್ಷರ. ಶಿಷ್ಯೆಗೆ ಓದಲು ಬಾರದೆ ನನ್ನ ಮುಂದಿಟ್ಟಳು. “ಇದನ್ನ ಸ್ವಲ್ಪ ಓದಿ ಹೇಳ್ರಿ ಮೇಷ್ಟ್ರೇ. ನಮ್ಮವ್ವನ ಹೆಸರು ಐತೇನು ನೋಡ್ರಿ, ಅಷ್ಟ ಸಾಕು” ಎಂದು ಆಕೆ ಕೆಳಗೆ ಕುಳಿತರು. ಬೆಂಚಿನ ಮೇಲೆ ಕುಳಿತುಕೊಳ್ಳಿ ತಾಯಿ ಎಂದರೂ ಏಳಲಿಲ್ಲ.

ತಾಯಿಯ ಹೆಸರು ಇದ್ದಿತು. ಆಗ ಆಕೆ ಮದುವೆಯಾಗದ ಹುಡುಗಿ. ತಂದೆ ತಾಯಿಯರಿಬ್ಬರೂ ತೀರಿದ್ದರು. ಇಬ್ಬರು ಅಣ್ಣಂದಿರು ಹದಿನೆಂಟು ಎಕರೆಯನ್ನು ಹಂಚಿಕೊಂಡು ತಂಗಿಯ ಹೆಸರಿಗೆ ಎರಡು ಎಕರೆಯನ್ನು ಬರೆದಿದ್ದರು. ಆ ಎರಡು ಎಕರೆಯನ್ನು ತಾಯಿಯೂ ಆಮೇಲೆ ಮಗಳೂ ಉಣ್ಣುತ್ತ ಬಂದಿದ್ದರು. ಈಗ ಅಣ್ಣಂದಿರ ಮೊಮ್ಮಕ್ಕಳು, ಅದು ಅರಿಶಿನ ಕುಂಕುಮಕ್ಕೆಂದು ಬಿಟ್ಟ ಭೂಮಿ, ಆಕೆ ಇರುವವರೆಗೆ ಮಾತ್ರ, ಈಗ ನಮಗೆ ಹಿಂದಕ್ಕೆ ಬರತಕ್ಕದ್ದು ಎಂದು ತಕರಾರು ತೆಗೆದಿದ್ದರು. ಶುಂಠಿಗೆ ಒಳ್ಳೆಯ ಬೆಲೆ ಬಂದ ವರುಷ ಅದು. ಕಾಗದದಲ್ಲಿ ಅರಿಶಿನ ಕುಂಕುಮವೆಂಬ ಮಾತೂ ಇರಲಿಲ್ಲ, ಪಾಲೆಂಬ ಮಾತೂ ಇರಲಿಲ್ಲ. ‘ಇವಳಿಗೆ ಸೇರತಕ್ಕದ್ದು’ ಎಂದಷ್ಟೇ ಇದ್ದಿತು. ವಕೀಲೆಗೆ ಇದೇ ತೊಡಕು.

ನನ್ನ ಕಣ್ಣು ಅಂಕಿಗಳ ಮೇಲೆ ನಿಂತಿತು. ಎಂಟು, ಎಂಟು, ಎರಡು. ವಿಜ್ಞಾನೇಶ್ವರನ ಹನ್ನೆರಡರಲ್ಲೊಂದಾದರೆ ಒಂದೂವರೆ ಎಕರೆಯಾಗಬೇಕು, ಸರಿಹೋಗಲಿಲ್ಲ. ಆದರೆ ಅಣ್ಣನಿಗೆ ನಾಲ್ಕಾದರೆ ತಂಗಿಗೆ ಒಂದು ಎಂದು ಹಿಡಿದರೆ, ನಾಲ್ಕು ನಾಲ್ಕು ಒಂದು, ಒಟ್ಟು ಒಂಬತ್ತು. ಹದಿನೆಂಟರಲ್ಲಿ ಒಂಬತ್ತನೆಯ ಒಂದು ಎರಡು ಎಕರೆ, ಗುಂಟೆಯೂ ಹೆಚ್ಚುಕಡಿಮೆಯಿಲ್ಲ. ಕನಿಕರದಿಂದ ಬಿಟ್ಟ ಭೂಮಿ ಇಷ್ಟು ಲೆಕ್ಕವಾಗಿ ಬರುವುದುಂಟೇ? ಇದನ್ನು ಹೇಳಿದಾಗ ಮೇಜಿನ ತಲೆಕಡೆಯಲ್ಲಿ ತೂಕಡಿಸುತ್ತಿದ್ದ ಹಿರಿಯ ವಕೀಲರು ಕಣ್ಣು ತೆರೆದು, “ಮೂವತ್ತಮೂರನೇ ಇಸವಿ ಮೈಸೂರು ಆಕ್ಟು! ಆ ಪುಸ್ತಕ ಎಲ್ಲಿ?” ಎಂದರು. ಪುಸ್ತಕ ತೂಕದ ರಾಶಿಯಲ್ಲಿತ್ತು. ಜವಾನನು ಹಸಿರು ಬೆನ್ನಿನದೆಂದು ಗುರುತು ಹಿಡಿದು ತೆಗೆದನು.

ಮೈಸೂರು ಹಿಂದೂ ಲಾ ಸ್ತ್ರೀಯರ ಹಕ್ಕುಗಳ ಶಾಸನವು 1933ರ ಹತ್ತನೆಯ ಆಕ್ಟು. ಬ್ರಿಟಿಷ್ ಇಂಡಿಯದಲ್ಲಿ ವಿಧವೆಯರಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟ ಕಾನೂನು ಬಂದುದು 1937ರಲ್ಲಿ. ಮೈಸೂರು ಅದಕ್ಕಿಂತ ನಾಲ್ಕು ವರುಷ ಮುಂಚೆಯೇ ತಾಯಿ, ವಿಧವೆ, ಮದುವೆಯಾಗದ ಮಗಳು ಹಾಗೂ ತಂಗಿ ಇವರಿಗೆಲ್ಲ ವಿಭಾಗದಲ್ಲಿ ಅಂಶವನ್ನು ಗೊತ್ತುಮಾಡಿತು. ಅದರ ಎಂಟನೆಯ ಪ್ರಕರಣದಲ್ಲಿ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲು ಎಂದಿದೆ. ಆ ಕಾಲು ಎಂಬ ಅಂಕಿ ಶಾಸನ ಮಾಡಿದವರಿಗೆ ಯಾಜ್ಞವಲ್ಕ್ಯನಿಂದಲೇ ಬಂದಿರಬೇಕೆಂದು ನನಗೆ ತೋರುತ್ತದೆ. ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಸೊರಬ ಶಿಕಾರಿಪುರಗಳು ಮೈಸೂರಿಗೆ ಸೇರಿದ್ದುವು. ವರದೆಯ ಆಚೆಯ ಬನವಾಸಿ, ಆನವಟ್ಟಿಯ ಮಗ್ಗುಲಿನ ಹಾನಗಲ್ಲು, ಶಿರಾಳಕೊಪ್ಪದಿಂದ ಮುಂದಿನ ಹಿರೇಕೆರೂರು ಇವು ಮುಂಬಯಿ ಪ್ರಾಂತ್ಯದವು. ಒಂದೇ ಭಾಷೆ, ಒಂದೇ ಸಂತೆ, ಪರಸ್ಪರ ಕೊಡುಕೊಳ್ಳುವ ಮನೆತನಗಳು. ಆದರೂ ಗಡಿಯ ಈಚೆ ಹುಟ್ಟಿದ ಹುಡುಗಿಗೆ ಕಾಲು ಪಾಲುಂಟು, ಆಚೆ ಹುಟ್ಟಿದವಳಿಗಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನು ಬಂದು, ನವೆಂಬರ್ 1ರಂದು ನಾಡೂ ಒಂದಾದ ಮೇಲೆ ಆ ಭೇದ ಅಳಿಯಿತು. ಅದಕ್ಕೆ ಹಿಂದಿನ ಪಾಲುಗಳ ಪ್ರಶ್ನೆ ಬಂದಾಗ ಮಾತ್ರ ಈ ಹಳೆಯ ಆಕ್ಟನ್ನೇ ತೆರೆಯಬೇಕು. ಹಾನಗಲ್ಲಿನ ಕಡೆಯಿಂದ ಸೊಸೆಯಾಗಿ ಬಂದಿದ್ದ ಆ ಮನೆಯ ಹೆಂಗಸರಿಗೆ ಅದು ಬರಿಯ ಅರಿಶಿನ ಕುಂಕುಮವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅವರ ತವರಿನಲ್ಲಿ ಹೆಣ್ಣಿಗೆ ಬೇರೆ ಹೆಸರಿನಿಂದ ಭೂಮಿ ಸಿಕ್ಕಿದುದೇ ಇಲ್ಲ.

ಆಮೇಲಿನ ಕಥೆಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುವಿರಿ. ನಮ್ಮ ರಾಜ್ಯವು 1994ರಲ್ಲಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹಕ್ಕೆಂದಿತು, ಆ ಹೊತ್ತಿಗೆ ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಆ ಹಕ್ಕು ಬಂದಿತು, ಮದುವೆಯ ಭೇದವಿಲ್ಲದೆ. 2020ರ ಆಗಸ್ಟ್ 11ರಂದು ಸುಪ್ರೀಮ್ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಜೀವಿಸಿದ್ದಿರಬೇಕೆಂಬುದಿಲ್ಲ ಎಂದು ತೀರ್ಮಾನಿಸಿತು. ಕಾಲು ಪಾಲು ಪೂರ್ಣವಾಗಲು ಒಂಬೈನೂರು ವರುಷ ಹಿಡಿಯಿತು. ಆದರೆ ಕಾನೂನಿನಲ್ಲಿ ಪೂರ್ಣವಾದುದು ಮನೆಯಲ್ಲಿ ಪೂರ್ಣವಾಗಿದೆಯೆಂದು ಹೇಳಲಾರೆ. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಅಕ್ಕತಂಗಿಯರು ಸಾಲಾಗಿ ಕುಳಿತು ಹಕ್ಕು ಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಹೊರಡುವುದನ್ನು ಈ ಕೆಲವು ತಿಂಗಳಲ್ಲಿ ಹಲವು ಬಾರಿ ಕಂಡೆನು. ತವರಿನ ಬಾಗಿಲು ಮುಚ್ಚಬಾರದೆಂಬ ಭಯವು ಅವರಿಂದ ಹಾಗೆ ಮಾಡಿಸುತ್ತದೆ. ಆ ಭಯಕ್ಕೆ ಯಾವ ಪ್ರಕರಣವೂ ಸಿಕ್ಕಲಿಲ್ಲ, ನಾನು ಹುಡುಕಿದಷ್ಟರಲ್ಲಿ.

ಆನವಟ್ಟಿಯ ಕಡೆಯ ಆ ತಾಯಿಯ ವಿವಾದವು ತೀರ್ಪಿನವರೆಗೆ ಹೋಗಲಿಲ್ಲ. ಲೋಕ ಅದಾಲತ್ತಿನಲ್ಲಿ ಎರಡು ಕಡೆಯವರನ್ನೂ ಕೂರಿಸಿಕೊಂಡು ಹಸಿರು ಬೆನ್ನಿನ ಪುಸ್ತಕವನ್ನು ತೋರಿಸಿದರಂತೆ. ಒಂಬತ್ತರ ಲೆಕ್ಕವನ್ನು ನನ್ನ ಶಿಷ್ಯೆಯು ಹಲಗೆಯ ಮೇಲೆ ಬರೆದಂತೆ ಬರೆದು ತೋರಿಸಿದಳಂತೆ. ಅಣ್ಣಂದಿರ ಮೊಮ್ಮಕ್ಕಳಲ್ಲಿ ಒಬ್ಬನು ಓದಿದ ಹುಡುಗ. ಅವನು ತಾನೇ ಒಮ್ಮೆ ಗುಣಿಸಿ ನೋಡಿ ರಾಜಿಗೆ ರುಜುಹಾಕಿದನು. ಭೂಮಿ ಆಕೆಗೇ ನಿಂತಿತು. ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಮಾತ್ರ ಬರಲಿಲ್ಲವೆಂದು ಆಕೆ ಮುಂದೆ ಸಿಕ್ಕಿದಾಗ ಹೇಳಿದರು. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ತದ ತಗೋರಿ, ಮುಂದಿನ ವರ್ಷ” ಎಂದರು.

ವಕೀಲರ ಸಭೆಯಲ್ಲಿ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮಾತನ್ನು ಮುಂದಕ್ಕೆ ಹಾಕಿದ್ದಾರೆ. ಪೂರ್ತಿಯಾಗಿ ಬಿಟ್ಟಿದ್ದಾರೆಂದು ನಾನು ನಂಬಿಲ್ಲ. ಹೊಸ ಗಣಕಯಂತ್ರಕ್ಕೆ ಮೇಜು ಹಾಕಲು ಎಡೆ ಬೇಕೇ ಬೇಕು. ಎರಡೆರಡು ಪ್ರತಿಯಿರುವ ವರದಿಗಳು ಹೋಗಲೆಂದು ನಾನೇ ಪಟ್ಟಿ ಬರೆದುಕೊಟ್ಟೆನು. ಮೈಸೂರಿನ ಹಳೆಯ ಆಕ್ಟುಗಳು, ಅಂಚಿನಲ್ಲಿ ಬರಹವಿರುವ ಸಂಪುಟಗಳು, ಮಿತಾಕ್ಷರೆಯ ಎರಡು ಪ್ರತಿ, ಸುರಗಿಯ ಹೂವಿದ್ದ ಸಂಪುಟ, ಇವುಗಳನ್ನು ಗೆದ್ದಲು ಹತ್ತದ ಉಕ್ಕಿನ ಬೀರುವಿಗೆ ಸೇರಿಸಿದೆವು. ಬೀರುವಿನ ಬೀಗದ ಕೈ ಜವಾನನ ಬಳಿಯೇ ಇದೆ. ಪ್ರತಿ ಬುಧವಾರ ಮಧ್ಯಾಹ್ನ ನಾನು ಹೋಗಿ ಹಾಳೆಗಳ ನಡುವೆ ಬಜೆಯ ಬೇರನ್ನು ಬದಲಿಸಿ, ಯಾರಾದರೂ ಕೂಡಕ್ಷರದ ಕಾಗದವನ್ನು ತಂದಿದ್ದರೆ ಓದಿ ಹೇಳಿ ಬರುತ್ತೇನೆ.